ಚಿಕ್ಕಪ್ಪಂಗೆ ಆಗಿದ್ದು ಮೂಲವ್ಯಾಧಿ ಅಲ್ಲ

ಹೋದ ವರ್ಷ ನಂಗೆ 45 ತುಂಬ್ತು. ಇಲ್ಲಿ ನ್ಯೂಜೆರ್ಸಿಲಿ ವರ್ಷದ ಚೆಕಪ್‌ಗೆ ಹೋದಾಗ ಡಾಕ್ಟ್ರು ಬಿಪಿ ಶುಗರ್ ಎಲ್ಲಾ ನೋಡಿ, ಇನ್ನು ಕೊಲೊನೋಸ್ಕೋಪಿ ಮಾಡಿಸ್ಬೇಕು ಅಂದ್ರು, ಕ್ಯಾಮೆರಾ ಇರೋ ಟ್ಯೂಬ್ ಹಾಕಿ ದೊಡ್ಡ ಕರುಳನ್ನ ಒಳಗಿಂದ ನೋಡೋ ಟೆಸ್ಟ್ ಅದು. ನಂಗೇನೂ ತೊಂದ್ರೆ ಇಲ್ವಲ್ಲ ಅಂದೆ. ತೊಂದ್ರೆ ಇಲ್ದೇ ಇರೋವ್ರಿಗೇ ಸ್ಕ್ರೀನಿಂಗ್ ಮಾಡೋದು ಅಂದ್ರು. ಅಮೆರಿಕದಲ್ಲಿ ಮುಂಚೆ 50ಕ್ಕೆ ಶುರು ಮಾಡ್ತಿದ್ರಂತೆ, ಚಿಕ್ಕ ವಯಸ್ಸಿನವ್ರಿಗೂ ಕರುಳಿನ ಕ್ಯಾನ್ಸರ್ ಜಾಸ್ತಿಯಾಗ್ತಾ ಬಂತು ಅಂತ 2021ರಲ್ಲಿ 45ಕ್ಕೆ ಇಳಿಸಿದ್ರು. ಮನೇಲಿ ಯಾರಿಗಾದ್ರೂ ಇತ್ತಾ ಅಂತ ಕೇಳಿದ್ರು, ಇಲ್ಲ ಅಂದ್ಬಿಟ್ಟೆ.

ರಾತ್ರಿ ಮಂಡ್ಯಕ್ಕೆ ಫೋನ್ ಮಾಡಿ ಅವ್ವನ್ನ ಕೇಳಿದ್ರೆ, "ನಿಮ್ ಚಿಕ್ಕಪ್ಪ ಹೋಗಿದ್ದು ಅದ್ರಲ್ಲೇ ಅಲ್ವೇನ್ಲಾ" ಅಂದ್ಲು.

ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ಅವ್ರು ತೀರ್ಕೊಂಡಾಗ ನಂಗೆ ಹೇಳಿದ್ದು ಹೊಟ್ಟೆನೋವು ಜಾಸ್ತಿಯಾಗಿ ಹೋಗ್ಬುಟ್ರು ಅಂತ ಅಷ್ಟೇ. ಮೋಷನ್‌ನಲ್ಲಿ ರಕ್ತ ಹೋಗ್ತಿತ್ತಂತೆ, ಮೂಲವ್ಯಾಧಿ ಅಂದ್ಕೊಂಡು ಒಂದೂವರೆ ವರ್ಷ ಯಾರೋ ಕೊಟ್ಟ ಪುಡಿ ಪೊಟ್ಣನ ಮಜ್ಜಿಗೇಲಿ ಕದಡ್ಕೊಂಡು ಕುಡುದ್ರಂತೆ, ಸುಸ್ತಾದ್ರೆ ಗದ್ದೆ ಕೆಲ್ಸ ಬಿಸ್ಲು ಅಂದ್ಕೊಂಡ್ರು, ರಕ್ತ ಕಮ್ಮಿ ಇದೆ ಅಂತ ಐರನ್ ಮಾತ್ರೆ ಕೊಟ್ರು, ಯಾಕೆ ಕಮ್ಮಿಯಾಯ್ತು ಅಂತ ಯಾರೂ ನೋಡ್ಲಿಲ್ಲ. 47ಕ್ಕೆ ಗೊತ್ತಾದಾಗ ಲಿವರ್‌ಗೆ ಹೋಗಿತ್ತು. ಆ ಹೆಸ್ರು ಮನೇಲಿ ಎತ್ಬಾರ್ದು ಅಂತ ಎಲ್ರೂ ಬಾಯಿ ಮುಚ್ಕೊಂಡ್ರು, ಅವ್ರ ಮಗಂಗೂ ಸರಿಯಾಗಿ ಹೇಳಿಲ್ಲ. ಅವ್ನಿಗೀಗ 38.

ನಂಗೆ ಕೈಕಾಲು ತಣ್ಣಗಾಗಿದ್ದು ಇಲ್ಲೇ. ಅಪ್ಪ ಅಮ್ಮ ಒಡಹುಟ್ಟಿದವ್ರಲ್ಲಿ ಒಬ್ರಿಗೆ ಇದ್ರೆ 45ರ ತನಕ ಕಾಯೋ ಹಾಗಿಲ್ಲ, 40ಕ್ಕೆ ಅಥ್ವಾ ಅವ್ರಿಗೆ ಬಂದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವ್ದು ಮೊದ್ಲೋ ಆಗ ಕೊಲೊನೋಸ್ಕೋಪಿ ಶುರು ಮಾಡ್ಬೇಕು. ಅಂದ್ರೆ ಚಿಕ್ಕಪ್ಪನ ಮಗ, ನನ್ ತಮ್ಮ, 37ಕ್ಕೇ ಮಾಡಿಸ್ಬೇಕಿತ್ತು.

ನನ್ನದು ಆಯ್ತು. ಕಷ್ಟ ಅಂದ್ರೆ ಹಿಂದಿನ ದಿನ ಮಾತ್ರ, ಗಟ್ಟಿ ಊಟ ಇಲ್ಲ, ಬರೀ ತಿಳಿ ನೀರಿನಂಥದ್ದು, ಕೆಂಪು ಬಣ್ಣದ ಜ್ಯೂಸ್ ಬೇಡ, ಸಂಜೆ ಅರ್ಧ ಔಷಧಿ ಬೆಳಗಿನ ಜಾವ ಇನ್ನರ್ಧ, ಕರುಳು ಪೂರ್ತಿ ಖಾಲಿಯಾಗೋ ತನಕ ಬಾತ್‌ರೂಮಿಗೆ ಓಡಾಟ. ಟೆಸ್ಟ್ ಅರ್ಧ ಗಂಟೆ, ನಿದ್ದೆ ಬರ್ಸಿರ್ತಾರೆ, ಏನೂ ಗೊತ್ತಾಗಲ್ಲ. ಒಂದು ಚಿಕ್ಕ ಪಾಲಿಪ್ ಸಿಕ್ತು, ಕರುಳಿನ ಒಳಗೋಡೇಲಿ ಬೆಳೆಯೋ ಸಣ್ಣ ಗಂಟು ಅದು, ಅಲ್ಲೇ ಕತ್ತರಿಸಿ ತೆಗೆದ್ರು. ಇಂಥದ್ದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 10 ವರ್ಷ ಹಿಡಿಯತ್ತೆ, ಅಷ್ಟೊಂದು ಟೈಮ್ ಕೊಡೋ ಕಾಯ್ಲೆ ಇದು, ನನ್ನ ಹೊಟ್ಟೆ ಉರಿಯೋದೂ ಅದಕ್ಕೇನೇ. ಏನೂ ಸಿಗದಿದ್ರೆ 10 ವರ್ಷಕ್ಕೆ ಬನ್ನಿ ಅಂತಾರೆ, ನಂಗೆ 7 ವರ್ಷಕ್ಕೆ ಅಂದಿದಾರೆ.

ಮನೇಲಿ ಯಾರಿಗೂ ಇಲ್ಲ, ಟ್ಯೂಬ್ ಅಂದ್ರೆ ಭಯ ಅನ್ನೋವ್ರಿಗೆ ಫಿಟ್ ಅಂತ ಮಲ ಪರೀಕ್ಷೆ ಇದೆ, ಕಣ್ಣಿಗೆ ಕಾಣ್ದಿರೋ ರಕ್ತ ಹಿಡಿಯತ್ತೆ, ವರ್ಷ ವರ್ಷ ಮಾಡಿಸ್ಬೇಕು, ಪಾಸಿಟಿವ್ ಬಂದ್ರೆ ಕೊಲೊನೋಸ್ಕೋಪಿ ತಪ್ಪಲ್ಲ. ಊರಲ್ಲಿ ಸರ್ಕಾರದ ಕಡೆಯಿಂದ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗೆ ಸ್ಕ್ರೀನಿಂಗ್ ಇದೆ, ಕರುಳಿಗೆ ಅಂತ ಯಾರೂ ಬಂದು ಕರೆಯಲ್ಲ, ನಾವೇ ಹೋಗಿ ಕೇಳ್ಬೇಕು. ಇನ್ನು ರಕ್ತ ಹೋಗ್ತಿದ್ರೆ, ಮೋಷನ್ ರೀತಿ ಬದಲಾಗಿ ವಾರಗಟ್ಲೆ ಹಾಗೇ ಇದ್ರೆ, ಸುಮ್ನೆ ತೂಕ ಇಳೀತಿದ್ರೆ ವಯಸ್ಸು ಎಷ್ಟೇ ಇರ್ಲಿ ನೇರ ಡಾಕ್ಟ್ರ ಹತ್ರ ಹೋಗಿ, ಪೈಲ್ಸ್ ಅಂತ ನೀವೇ ತೀರ್ಮಾನ ಮಾಡ್ಬೇಡಿ.

ತಮ್ಮಂಗೆ ಫೋನ್ ಮಾಡ್ದೆ. "ನಂಗೇನಾಗದೆ ಅಣ್ಣಯ್ಯ, ಚೆನ್ನಾಗೇ ಇದೀನಲ್ಲ" ಅಂದ. ಮೂರು ಸಲ ಮಾತಾಡಿದ್ಮೇಲೆ ಮೈಸೂರಲ್ಲಿ ಒಬ್ರು ಗ್ಯಾಸ್ಟ್ರೋ ಡಾಕ್ಟ್ರ ಹತ್ರ ಡೇಟ್ ತಗೊಂಡಿದಾನೆ, ಬರೋ ಗುರುವಾರ. ಅವತ್ತು ಗಾಡಿ ಓಡಿಸೋ ಹಾಗಿಲ್ಲ ಅಂತ ಚಿಕ್ಕವ್ವ ಜೊತೇಲಿ ಹೋಗ್ತಾಳೆ. ಅವ್ಳಿಗೂ ನಾನೇ ಎಲ್ಲಾ ಬಿಡಿಸಿ ಹೇಳ್ದೆ. ಸುಮ್ನೆ ಕೇಳಿಸ್ಕೊಂಡು ಕೊನೆಗೆ, "ಆವಾಗ್ಲೂ ಈ ಟೆಸ್ಟ್ ಇತ್ತೇನಪ್ಪಾ" ಅಂದ್ಲು.

ಇತ್ತು ಚಿಕ್ಕವ್ವ, ಅಂದೆ.