ಪಸಡೀನದ ಆಟ ಡರ್ಹಮ್‌ಗೆ ಬಂದಾಗ

ಮಾರ್ಚ್ ತಿಂಗಳ ಕೊನೆಗೆ ನಾರ್ತ್ ಕ್ಯಾರೊಲಿನಾಗೆ ಹೋದವರು ಒಂದು ಕರವಸ್ತ್ರ ಜಾಸ್ತಿ ಇಟ್ಟುಕೊಳ್ಳುವುದು ಒಳ್ಳೆಯದು. ಪೈನ್ ಮರಗಳು ಪರಾಗ ಉದುರಿಸುವ ಕಾಲ ಅದು. ಕಾರಿನ ಮೇಲೆ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಅರಿಶಿನ ಚೆಲ್ಲಿದ ಹಾಗೆ ಹಳದಿ ಪುಡಿ. ರಾಲಿಯಲ್ಲಿರುವ ತಮ್ಮನ ಮನೆಯಿಂದ ಡರ್ಹಮ್‌ವರೆಗೂ ಸೀನುತ್ತಲೇ ಹೋದೆ.

ತಮ್ಮನಿಗೆ ಡ್ಯೂಕ್ ವಿಶ್ವವಿದ್ಯಾಲಯ ಎಂದರೆ ಬ್ಯಾಸ್ಕೆಟ್‌ಬಾಲ್, ಅಷ್ಟೇ. "ಅಕ್ಕಾ, ಕ್ಯಾಮರನ್ ಸ್ಟೇಡಿಯಂ ನೋಡು ಸಾಕು. ಫುಟ್‌ಬಾಲ್ ಮೈದಾನದಲ್ಲಿ ಏನಿದೆ ಅಂತ?" ಅಂದ. "ಅದನ್ನ ನೋಡೋಕೇ ಬಂದಿರೋದು, ನಡಿಯೋ" ಅಂದೆ.

ಮೊದಲು ಚಾಪೆಲ್. 210 ಅಡಿಯ ಗೋಪುರ ಮಧ್ಯಯುಗದ್ದೆಂದೇ ಕಾಣುತ್ತದೆ, ಆದರೆ ಕಟ್ಟಿದ್ದು 1930ರ ದಶಕದಲ್ಲಿ. ಕಲ್ಲು ಪಕ್ಕದ ಹಿಲ್ಸ್‌ಬರೊ ಕ್ವಾರಿಯದು, ದುಡ್ಡು ತಂಬಾಕಿನದು. ಈ ಊರೇ ಹೊಗೆಸೊಪ್ಪಿನಿಂದ ಬೆಳೆದದ್ದು. ಚೆನ್ನಾಗಿದೆ, ನೋಡಿ. ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ.

ವ್ಯಾಲೇಸ್ ವೇಡ್ ಸ್ಟೇಡಿಯಂ ದೂರದಿಂದ ಕಾಣುವುದೇ ಇಲ್ಲ. ಮರಗಳ ನಡುವಿನ ತಗ್ಗಿನಲ್ಲಿ 1929ರಲ್ಲಿ ಕಟ್ಟಿದ್ದು. ಮೇಲಿನ ದಾರಿಯಲ್ಲಿ ನಿಂತು ಕೆಳಗೆ ಬಗ್ಗಿ ನೋಡಬೇಕು. ಇಲ್ಲಿಯ ಫುಟ್‌ಬಾಲ್ ಎಂದರೆ ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕನ್ ಆಟ. ಆ ಆಟದಲ್ಲಿ ಕಾಲೇಜು ತಂಡಗಳಿಗೆ ರೋಸ್ ಬೌಲ್‌ಗಿಂತ ದೊಡ್ಡ ಗೌರವ ಆಗ ಇರಲಿಲ್ಲ. ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ಪಸಡೀನದಲ್ಲಿ ನಡೆಯುವ ಪಂದ್ಯ. 1941ರ ಋತುವಿನಲ್ಲಿ ವ್ಯಾಲೇಸ್ ವೇಡ್ ತರಬೇತಿಯ ಡ್ಯೂಕ್ ತಂಡ ಆಡಿದ ಒಂಬತ್ತನ್ನೂ ಗೆದ್ದಿತ್ತು. ರೋಸ್ ಬೌಲ್‌ನಲ್ಲಿ ಅವರ ಎದುರಾಳಿ ಪಶ್ಚಿಮ ಕರಾವಳಿಯ ಆರೆಗನ್ ಸ್ಟೇಟ್ ಕಾಲೇಜು.

ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬು ಹಾಕಿತು. ಪಶ್ಚಿಮ ಕರಾವಳಿಯ ರಕ್ಷಣೆ ಹೊತ್ತಿದ್ದ ಜನರಲ್ ಜಾನ್ ಡೆವಿಟ್, ಅಷ್ಟು ಜನ ಒಂದೇ ಕಡೆ ಸೇರುವುದು ಅಪಾಯ ಎಂದು ಪಂದ್ಯ ಬೇಡವೆಂದರು. ಡ್ಯೂಕ್‌ನವರು ನಮ್ಮಲ್ಲಿಗೇ ಬನ್ನಿ ಎಂದು ಕರೆದರು. ನೆರೆಯ ಕಾಲೇಜುಗಳಿಂದ ಮರದ ಬೆಂಚು ಸಾಲುಗಳನ್ನು ಎರವಲು ತಂದು ಹಾಕಿದರು. ಬದ್ಧ ವೈರಿಗಳಾದ, ಪಕ್ಕದ ಚಾಪೆಲ್ ಹಿಲ್ ಊರಿನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರೂ ಕೊಟ್ಟರು ಎನ್ನುವುದನ್ನು ಮಾತ್ರ ನನ್ನ ತಮ್ಮ ನಂಬಲು ತಯಾರಿರಲಿಲ್ಲ. ಆರೆಗನ್ ಹುಡುಗರು ದೇಶದ ಆ ತುದಿಯಿಂದ ರೈಲಿನಲ್ಲಿ ಬಂದರು. 1942ರ ಜನವರಿ 1ರಂದು, ಮಳೆ ಚಳಿಯಲ್ಲಿ, 56,000 ಜನರ ಎದುರು, ಗೆಲ್ಲುತ್ತಾರೆಂದು ಯಾರೂ ಎಣಿಸದಿದ್ದ ಅವರು 20-16ರಿಂದ ಗೆದ್ದೂಬಿಟ್ಟರು. ಗೆಲುವಿನ ಓಟ ಓಡಿದವನು ಜೀನ್ ಗ್ರೇ. ಮುಂದೆ ವಿಮಾನ ಅಪಘಾತದಲ್ಲಿ ಅವನು ಎರಡೂ ತೋಳು ಕಳೆದುಕೊಂಡ.

ಆ ರೈಲಿನಲ್ಲಿ ಒಬ್ಬ ಇರಲಿಲ್ಲ. ಜ್ಯಾಕ್ ಯೋಶಿಹಾರ. ಜಪಾನಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕಕ್ಕೆ ಬಂದು, ಪೋರ್ಟ್‌ಲ್ಯಾಂಡ್‌ನಲ್ಲಿ ಬೆಳೆದವನು. ತಂಡ ಅಭ್ಯಾಸ ಮಾಡುತ್ತಿದ್ದಾಗ ಎಫ್‌ಬಿಐನವರು ಬಂದು ಅವನನ್ನು ಕರೆದೊಯ್ದರು. ಜಪಾನಿ ಮೂಲದವರು ಮನೆಯಿಂದ 35 ಮೈಲಿ ದಾಟುವಂತಿಲ್ಲ ಎಂಬ ನಿರ್ಬಂಧ ಬಂದಿತ್ತು. ಒಂದು ಇಡೀ ಪಂದ್ಯವನ್ನು ಭೂಖಂಡದಾಚೆಗೆ ಸಾಗಿಸಲು ದಾರಿ ಹುಡುಕಿದವರಿಗೆ ಒಬ್ಬ ಹುಡುಗನನ್ನು ಕರೆತರಲು ದಾರಿ ಸಿಗಲಿಲ್ಲ. ಏಳು ವಾರಗಳ ನಂತರ, ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ ಆದೇಶ 9066ಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲು ದಾರಿ ಮಾಡಿದ ಆದೇಶ ಅದು. ಅದನ್ನು ಒತ್ತಾಯಿಸಿ ಜಾರಿಗೆ ತಂದವರೂ ಅದೇ ಡೆವಿಟ್. ಯೋಶಿಹಾರನನ್ನು ಐಡಹೋದ ಮಿನಿಡೋಕ ಶಿಬಿರಕ್ಕೆ ಕಳಿಸಿದರು.

ಈ ಪಂದ್ಯದ ಬಗ್ಗೆ ಜನ ಬಾಯ್ತುಂಬ ಹೇಳುವುದು ಬೇರೆಯ ಕಥೆ. 1944ರಲ್ಲಿ ಇಟಲಿಯ ಗುಡ್ಡವೊಂದರ ಮೇಲೆ ಡ್ಯೂಕ್ ಆಟಗಾರ ಚಾರ್ಲ್ಸ್ ಹೇನ್ಸ್ ಗಾಯಗೊಂಡು ಗಂಟೆಗಟ್ಟಲೆ ಬಿದ್ದಿದ್ದ. ಅವನನ್ನು ಕೆಳಗೆ ಹೊತ್ತು ತಂದು ಉಳಿಸಿದವನು ಆರೆಗನ್ ಸ್ಟೇಟ್‌ನ ಫ್ರ್ಯಾಂಕ್ ಪಾರ್ಕರ್. ನಿಜವಾದ, ಮನ ಕಲಕುವ ಕಥೆಯೇ. ಆದರೆ ಅದೊಂದನ್ನೇ ಹೇಳಿ ಮುಗಿಸಿದರೆ ಯುದ್ಧ ಎದುರಾಳಿಗಳನ್ನು ಒಂದುಗೂಡಿಸಿತು ಎಂಬ ಸಿಹಿ ಮಾತ್ರ ಉಳಿಯುತ್ತದೆ. ಅದೇ ಯುದ್ಧದ ಹೆಸರಿನಲ್ಲಿ ಒಂದೇ ತಂಡದವನನ್ನು ಹೊರಗೆ ಹಾಕಿದ್ದು ಮರೆಯಾಗುತ್ತದೆ. ನಮಗೂ ಗೊತ್ತಿರುವ ಜಾಣತನವೇ ಇದು. ಅಂದು ಇಲ್ಲಿ ಆಡಿದವರಲ್ಲಿ ನಾಲ್ವರು ಯುದ್ಧದಿಂದ ಹಿಂದಿರುಗಲಿಲ್ಲ, ಮೂವರು ಡ್ಯೂಕ್‌ನವರು.

ಪಂದ್ಯ ಮುಗಿದ ಕೆಲವೇ ತಿಂಗಳಲ್ಲಿ ಕೋಚ್ ವೇಡ್ ಕೂಡ ಸೈನ್ಯ ಸೇರಿದರು. ಐವತ್ತರ ಹೊಸ್ತಿಲಲ್ಲಿದ್ದವರು! ಫಿರಂಗಿ ದಳದೊಂದಿಗೆ ಯುರೋಪಿಗೆ ಹೋದರು. ಅವರ ಜಾಗಕ್ಕೆ ಬಂದವರು ಎಡ್ಡಿ ಕ್ಯಾಮರನ್. ಇದನ್ನು ಹೇಳಿದಾಗ ತಮ್ಮ ನಿಂತೇಬಿಟ್ಟ. "ನಮ್ಮ ಕ್ಯಾಮರನ್ನಾ?" ಹೌದು, ಅವನ ಬ್ಯಾಸ್ಕೆಟ್‌ಬಾಲ್ ದೇವಸ್ಥಾನಕ್ಕೆ ಹೆಸರಾದವರೇ. ಅವರಿಗೆ ತಂಡ ಕಟ್ಟಲು ಹುಡುಗರನ್ನು ಒದಗಿಸಿದ್ದು ನೌಕಾಪಡೆ. 1943ರಲ್ಲಿ ಶುರುವಾದ ವಿ-12 ಯೋಜನೆಯಲ್ಲಿ ಅಧಿಕಾರಿಗಳಾಗಲು ಓದುತ್ತಿದ್ದ ಹುಡುಗರಿಗೆ ಕಾಲೇಜು ತಂಡದಲ್ಲಿ ಆಡಲು ನೌಕಾಪಡೆ ಬಿಟ್ಟಿತು, ಭೂಸೇನೆ ತನ್ನವರಿಗೆ ಬಿಡಲಿಲ್ಲ. ಹೀಗಾಗಿ ಯುದ್ಧದ ನಡುವೆ ಯಾವ ಕಾಲೇಜಿಗೆ ತಂಡ ಉಳಿಯುತ್ತದೆ ಎನ್ನುವುದು ಬಹುಪಾಲು ಅಲ್ಲಿ ಯಾರ ತರಬೇತಿ ನಡೆಯುತ್ತಿದೆ ಎಂಬುದರ ಮೇಲೆ ನಿಂತಿತ್ತು. ಡ್ಯೂಕ್‌ನಲ್ಲಿ ವಿ-12 ಇತ್ತು. ರೋಸ್ ಬೌಲ್‌ನಂಥದೇ ಇನ್ನೊಂದು ಪಂದ್ಯವಾದ ಶುಗರ್ ಬೌಲ್‌ನಲ್ಲಿ 1945ರಲ್ಲಿ ಅಲಬಾಮ ತಂಡವನ್ನು 29-26ರಿಂದ ಸೋಲಿಸಿದರು. ಇಲ್ಲಿ ಗೆದ್ದು ಹೋದ ಆರೆಗನ್ ಸ್ಟೇಟ್‌ಗೆ 1943, 1944ರಲ್ಲಿ ತಂಡವೇ ಇರಲಿಲ್ಲ.

ಮಧ್ಯಾಹ್ನ ಹಳೆಯ ಸಿಗರೇಟು ಕಾರ್ಖಾನೆಯ ಆವರಣಕ್ಕೆ ಬಂದೆವು. ಈಗ ಅಲ್ಲಿ ಕಚೇರಿಗಳು, ಹೋಟೆಲುಗಳು. ಲಕಿ ಸ್ಟ್ರೈಕ್ ಎಂದು ಬರೆದ ನೀರಿನ ಟ್ಯಾಂಕ್ ಹಾಗೇ ಇದೆ. ಊರಿನ ಹೆಸರುವಾಸಿ ಬಾರ್ಬೆಕ್ಯೂ ನನಗಲ್ಲ. ನಾದಿನಿ ಕಟ್ಟಿಕೊಟ್ಟಿದ್ದ ಪುಳಿಯೋಗರೆಯನ್ನು ಕಲ್ಲುಬೆಂಚಿನ ಮೇಲೆ ಕೂತು ತಿಂದೆವು. 2008ರಲ್ಲಿ ಆರೆಗನ್ ಸ್ಟೇಟ್ ಯೋಶಿಹಾರಗೂ, ಅವರಂತೆ ಓದು ಬಿಟ್ಟು ಹೋಗಬೇಕಾಗಿ ಬಂದಿದ್ದ ಇತರರಿಗೂ ಗೌರವ ಪದವಿ ಕೊಟ್ಟಿತೆಂದು ತಮ್ಮನಿಗೆ ಹೇಳಿದೆ. ಅವನು ಫೋನ್ ತೆಗೆದು ಮಿನಿಡೋಕ ಎಲ್ಲಿದೆ ಎಂದು ಹುಡುಕತೊಡಗಿದ. ಈಗ ಅದು ರಾಷ್ಟ್ರೀಯ ಐತಿಹಾಸಿಕ ತಾಣ, ಹೋಗಿ ನೋಡಬಹುದು. "ಟ್ವಿನ್ ಫಾಲ್ಸ್ ಹತ್ತಿರ ಅಕ್ಕಾ. ಯೆಲ್ಲೋಸ್ಟೋನ್ ಹೋಗೋರು ಆ ಕಡೆಯಿಂದಾನೂ ಹೋಗಬಹುದು" ಅಂದ. ಬೇಸಿಗೆ ರಜೆಗೆ ಯೆಲ್ಲೋಸ್ಟೋನ್ ಅಂತ ಅವನ ಮಕ್ಕಳು ಆಗಲೇ ಹಠ ಹಿಡಿದಿದ್ದರು.