ಅಜ್ಜಿ ಎಲ್ಲಿ?

"ಅಜ್ಜಿ ಎಲ್ಲಿ ಸಾರ್?"

ಮಂಗಳವಾರ ಸ್ಟುಡಿಯೋದವರು ಕೇಳಿದ್ದು ಇಷ್ಟೇ. ತೊಳೆದು ಒಣಗಿಸಿದ ನೆಗೆಟಿವ್ ಪಟ್ಟಿಯ ಅಂಚು ಹಿಡಿದು, ಟ್ಯೂಬ್‌ಲೈಟಿಗೆ ಎತ್ತಿ, ಕನ್ನಡಕ ಹಣೆಗೇರಿಸಿ ನೋಡುತ್ತಿದ್ದರು. "ಅಡುಗೆಮನೇಲಿ ಅಜ್ಜಿ ಕೂತಿದಾರಲ್ಲ, ಅದನ್ನ ದೊಡ್ಡದಾಗಿ ಪ್ರಿಂಟ್ ಹಾಕ್ಕೊಡಿ" ಅಂತ ನಾನೇ ಹೇಳಿದ್ದೆ. ಇಣುಕಿದೆ. ನೆಗೆಟಿವ್‌ನಲ್ಲಿ ಬೆಳಕು ಬಿದ್ದಲ್ಲೇ ಕಪ್ಪು. ಕಿಟಕಿ ಇದ್ದ ಕಡೆ ಕಪ್ಪು ಚೌಕ. ಒಲೆಯ ಬೆಂಕಿ ಇದ್ದ ಕಡೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಮಿಕ್ಕಿದ್ದೆಲ್ಲ ಬರೀ ಕಿತ್ತಳೆ ಬಣ್ಣದ ಖಾಲಿ ಫಿಲಂ. ಒಂಬತ್ತು ಫ್ರೇಮು, ಒಂಬತ್ತೂ ಹೀಗೇ.

ತಪ್ಪು ನನ್ನದು. ಆದರೆ ಅರ್ಧ ಪಾಲು ಭಾವನಿಗೂ ಸಲ್ಲಬೇಕು. ರೀಲು ಕೊಳ್ಳುವಾಗ ಪೋರ್ಟ್ರಾ 400 ತಗೊಳ್ಳಲೋ, ಕೊಡಾಕ್ ಗೋಲ್ಡ್ 200 ತಗೊಳ್ಳಲೋ ಅಂತ ಫೋನು ಮಾಡಿದ್ದೆ. ಆ ಅಂಕಿ ದೊಡ್ಡದಾದಷ್ಟೂ ಫಿಲಂಗೆ ಕಡಿಮೆ ಬೆಳಕು ಸಾಕು. "ಗೋಲ್ಡ್ ಸಾಕು. ಕಲರ್ ನೆಗೆಟಿವ್‌ಗೆ ಲ್ಯಾಟಿಟ್ಯೂಡ್ ಜಾಸ್ತಿ, ಏನೂ ಆಗಲ್ಲ" ಅಂದ. ಅವನು ಮಾತ್ರ ಪೋರ್ಟ್ರಾ ಹಾಕಿಕೊಂಡು ಹೋಟೆಲಿನ ಕಾಫಿ ಲೋಟದ ಫೋಟೋ ತೆಗೆಯುವವನು. ಲ್ಯಾಟಿಟ್ಯೂಡ್, ಅಂದರೆ ಬೆಳಕಿನ ಹೆಚ್ಚುಕಮ್ಮಿ ತಡೆದುಕೊಳ್ಳುವ ಗುಣ, ಇರುವುದು ನಿಜ, ಆದರೆ ಒಂದೇ ದಿಕ್ಕಿಗೆ. ಬೆಳಕು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಹೆಚ್ಚಾದರೂ ಈ ಫಿಲಂ ತಡೆದುಕೊಳ್ಳುತ್ತದೆ. ಕಡಿಮೆಯಾದರೆ ನೆರಳಿನ ಜಾಗದಲ್ಲಿ ಏನೂ ಮೂಡುವುದೇ ಇಲ್ಲ. ಆ ಎರಡನೇ ಅರ್ಧವನ್ನು ಭಾವ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತೀರ್ಥಹಳ್ಳಿ ಕಡೆಯ ಹಳೇ ಮನೆ. ಅಡುಗೆಮನೆಗೆ ಒಂದೇ ಕಿಟಕಿ, ಗೋಡೆಯೆಲ್ಲ ಹೊಗೆ ಹಿಡಿದು ಕಪ್ಪು. ನನ್ನ ಪೆಂಟಾಕ್ಸ್ ಕೆ1000 ಕ್ಯಾಮೆರಾದಲ್ಲಿ ಲೆನ್ಸ್ ಪೂರ್ತಿ ತೆರೆದರೂ ಬೆಳಕು ಅಳೆಯುವ ಸೂಜಿ ನಡುವಿಗೆ ಬಂದದ್ದು ಶಟರ್ ವೇಗ ಸೆಕೆಂಡಿನ ಎಂಟನೇ ಒಂದಿದ್ದಾಗ. ಕೈ ನಡುಗಿ ಫೋಟೋ ಕಲೆಸಿಹೋಗುತ್ತದೆಂದು ಅರವತ್ತನೇ ಒಂದಕ್ಕೆ ತಿರುಗಿಸಿದೆ. ಸೂಜಿ ಬಿದ್ದುಹೋಯಿತು. ಫಿಲಂಗೆ ಬೇಕಾದ ಬೆಳಕಿನ ಎಂಟನೇ ಒಂದು ಪಾಲು ಮಾತ್ರ ಸಿಗುತ್ತಿದೆ ಅಂತ ಗೊತ್ತಿದ್ದೂ ಒತ್ತಿದೆ. "ಹೊರಗೆ ಬರ್ಲನಾ? ಅಲ್ಲಿ ಬೆಳಕಿದೆ" ಅಂತ ಅಜ್ಜಿ ಎರಡು ಸಲ ಕೇಳಿದ್ದಳು. ಬೇಡ, ಇಲ್ಲೇ ಚೆಂದ ಅಂದವನೂ ನಾನೇ.

"ಡೆವಲಪ್ ಮಾಡುವಾಗ ಹೆಚ್ಚು ಹೊತ್ತು ಬಿಟ್ಟಿದ್ರೆ ಬರ್ತಿತ್ತಾ?" ಅಂತ ಸ್ಟುಡಿಯೋದವರನ್ನು ಕೇಳಿದೆ. ಕಲರ್ ನೆಗೆಟಿವ್ ಯಾವ ಕಂಪನಿಯದಾದರೂ ಸಾಮಾನ್ಯವಾಗಿ ತೊಳೆಯುವ ಕ್ರಮ ಒಂದೇ, ಸಿ-41: ಡೆವಲಪರ್ 38 ಡಿಗ್ರಿ ಹತ್ತಿರ, ಮೂರೂಕಾಲು ನಿಮಿಷ. ಆ ಹೊತ್ತನ್ನು ಎಳೆದರೆ ಅದೇ ರೀಲಿನ ಅಂಗಳದ ಫ್ರೇಮುಗಳೂ ಜೊತೆಗೆ ಕೆಡುತ್ತಿದ್ದವು. "ಬಿದ್ದೇ ಇಲ್ಲದ ಬೆಳಕನ್ನ ನಾನೆಲ್ಲಿಂದ ತರ್ಲಿ ಸಾರ್" ಅಂದರು. ಬೈದಿದ್ದರೆ ಪರವಾಗಿರಲಿಲ್ಲ, ಪಾಪ ಅನ್ನುವಂತೆ ನೋಡಿದರು. ಸ್ಕ್ಯಾನ್ ಮಾಡಿ ಎಬ್ಬಿಸಿ ನೋಡಿದ್ದೂ ಆಯಿತು: ಹಸಿರು ಮಿಶ್ರಿತ ಕೆಸರು, ಅದರೊಳಗೆ ರವೆ ಚೆಲ್ಲಿದಂಥ ಕಾಳು, ಎಲ್ಲೋ ಒಂದು ಬಿಳಿ ಸೆರಗಿನ ಅನುಮಾನ.

ಆ ರಾತ್ರಿ ನಮ್ಮನೆಯ ಹಳೇ ಆಲ್ಬಂ ತೆಗೆದೆ. ಅಜ್ಜಿಯ ಫೋಟೋಗಳು ಹದಿನಾಲ್ಕು ಇವೆ. ಹನ್ನೊಂದರಲ್ಲಿ ಅಂಗಳದಲ್ಲಿ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ. ಮೂರು ಮದುವೆಮನೆಯವು, ಫ್ಲಾಶ್ ಹೊಡೆದು ಮುಖ ಸುಣ್ಣವಾಗಿ ಹಿಂದೆಲ್ಲ ಕತ್ತಲು. ಆಗ ದೊಡ್ಡಪ್ಪ ಕ್ಯಾಮೆರಾಕ್ಕೆ ಹಾಕುತ್ತಿದ್ದದ್ದು 100ರ ರೀಲು. ಯಾರ ಫೋಟೋ ಆಗಲಿ, "ಬಿಸಿಲಿಗೆ ಬನ್ನಿ" ಅನ್ನುತ್ತಿದ್ದ. ದಿನದ ಮುಕ್ಕಾಲು ಪಾಲು ಒಲೆ ಮುಂದೆ ಕಳೆದವಳು ಆಲ್ಬಮ್ಮಿನಲ್ಲಿ ಒಮ್ಮೆಯೂ ಅಡುಗೆಮನೆಯೊಳಗಿಲ್ಲ. ಅತ್ತೆಯೂ ಇಲ್ಲ, ಅಮ್ಮನೂ ಇಲ್ಲ. ಜಗಲಿಯಲ್ಲಿ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತ ಗಂಡಸರು ಮಾತ್ರ ಬೇಕಾದಷ್ಟು ಇದ್ದಾರೆ, ಜಗಲಿಗೆ ಬೆಳಕು ಧಾರಾಳ. ದೊಡ್ಡಪ್ಪ ಕೆಟ್ಟವನಲ್ಲ, ಸ್ವಲ್ಪ ಜಂಬದವನು. ಒಳಗೆ ನಿಂತು ಒಂದಾದರೂ ತೆಗೆಯೋಣ ಅಂತ ಅವನಿಗೆ ಯಾಕೆ ಅನ್ನಿಸಲಿಲ್ಲ ಅಂತ ಕೇಳಿಕೊಂಡೆ. ಅನ್ನಿಸಿದ ನಾನು ತಂದದ್ದಾದರೂ ಏನು?

ಈ ಸಲ 400ರ ರೀಲು ತಂದಿದ್ದೇನೆ. ಭಾವನನ್ನು ಕೇಳಿಲ್ಲ. ಟ್ರೈಪಾಡ್ ಕೂಡ ಒಯ್ಯುತ್ತೇನೆ.

ಅಜ್ಜಿಗೆ ಫೋನು ಮಾಡಿ, ನಿನ್ನ ಫೋಟೋ ಒಂದೂ ಬಂದಿಲ್ಲ ಅಂದೆ.

"ಬೆಕ್ಕಿಂದು?"

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿದ್ದ ಬೆಕ್ಕು. ಸೆಟ್ಟಿಂಗ್ ಬದಲಿಸಲು ಮರೆತು ಎರಡು ಸ್ಟಾಪ್ ಹೆಚ್ಚು ಬೆಳಕಿನಲ್ಲಿ ತೆಗೆದದ್ದು. ಮೀಸೆಯ ಒಂದೊಂದು ಎಳೆಯೂ ಕಾಣುತ್ತದೆ.

"ಚೆನ್ನಾಗಿ ಬಂದಿದೆ" ಅಂದೆ.

"ಮತ್ತೆಂತ ಮಾರಾಯ! ಅದನ್ನೇ ದೊಡ್ಡದು ಮಾಡ್ಸಿ ತಗಂಬಾ."