ಮೂರು ಓಟಿನಲ್ಲಿ ಒಂದು

ನಮ್ಮ ಪಕ್ಷದ ಹೆಸರು ಹೇಳಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಅದು ಯಾರ ಕಡೆಯದ್ದು?" ಕೇರಳದಲ್ಲಿ ಇದು ಸಹಜ. ಇಲ್ಲಿ ರಾಜಕೀಯ ಅಂದರೆ ಕಮ್ಯುನಿಸ್ಟರ ಎಡರಂಗ, ಕಾಂಗ್ರೆಸ್ ಮುಂದಾಳತ್ವದ ಐಕ್ಯರಂಗ. ಕರ್ನಾಟಕದ ಗಡಿಗೆ ತಾಗಿದ, ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರ ಕಡೆಗೆ ಬಂದರೆ ಬಿಜೆಪಿಯೂ ಅಷ್ಟೇ ಗಟ್ಟಿ. ಈ ಮೂರರ ಹೊರಗೆ ಯಾರಾದರೂ ನಿಂತರೆ, ಇವರಲ್ಲಿ ಒಬ್ಬರ ಓಟು ಒಡೆಯಲು ಇನ್ನೊಬ್ಬರು ನಿಲ್ಲಿಸಿದ್ದಾರೆ ಅಂತಲೇ ಜನ ತಿಳಿಯುತ್ತಾರೆ. ನಮ್ಮನ್ನು ಯಾರೂ ನಿಲ್ಲಿಸಿರಲಿಲ್ಲ. ನಾವೇ ನಿಂತದ್ದು.

2020ರ ಡಿಸೆಂಬರ್‌ನ ಪಂಚಾಯತ್ ಚುನಾವಣೆ ಅದು. ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ವಾರ್ಡು. ಮೇಲೆ ಮುರಕಲ್ಲಿನ ಪದವು, ಕೆಳಗೆ ಅಡಕೆ ತೋಟ, ನಡುವೆ ಬೀಡಿ ಕಟ್ಟುವ ಮನೆಗಳು, ಒಂದು ಕಾಲನಿ. ವಾರ್ಡು ಮಹಿಳಾ ಮೀಸಲು. ಕೇರಳದ ಪಂಚಾಯತ್‌ಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ನಮ್ಮದು ಸಣ್ಣ ಸಮಾಜವಾದಿ ಪಕ್ಷ. ಜಿಲ್ಲೆಯಲ್ಲಿ ನಮ್ಮ ಸಭೆಗೆ ಒಂದು ಮನೆಯ ಜಗಲಿ ಸಾಕಾಗುತ್ತದೆ. ಆದರೂ ಅಭ್ಯರ್ಥಿಗಾಗಿ ನಾವು ಹುಡುಕಿಕೊಂಡು ಹೋಗಲಿಲ್ಲ. ಬೀಡಿ ಕಟ್ಟುವ ಒಬ್ಬ ಅಕ್ಕ ತಾವಾಗಿಯೇ ಬಂದರು.

ಅವರು ಯಾಕೆ ಬಂದರು ಅನ್ನುವುದನ್ನು ಹೇಳಲೇಬೇಕು. ಆ ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕರ್ನಾಟಕಕ್ಕೆ ಹೋಗುವ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಹೆರಿಗೆ, ಹೃದಯ, ಕಿಡ್ನಿ, ಎಲ್ಲದಕ್ಕೂ ತಲಪಾಡಿ ಗಡಿ ದಾಟಿಯೇ ಹೋಗುವುದು. ನಮ್ಮ ಜಿಲ್ಲೆಯದ್ದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರು. ಏಳು ವರ್ಷವಾದರೂ ಆಸ್ಪತ್ರೆ ತೆರೆದಿರಲಿಲ್ಲ, ಆ ಏಪ್ರಿಲ್‌ನಲ್ಲಿ ಇದ್ದ ಕಟ್ಟಡವನ್ನೇ ಕೋವಿಡ್ ಆಸ್ಪತ್ರೆ ಮಾಡಿದರು. ಗಡಿಯಲ್ಲಿ ಆಂಬುಲೆನ್ಸ್ ನಿಂತು ಜನ ಸತ್ತ ಸುದ್ದಿ ದಿನಾ ಬರುತ್ತಿತ್ತು. ಅಕ್ಕನ ಅಣ್ಣನಿಗೆ ಮಂಗಳೂರಿನಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಅವರನ್ನು ತೆಂಕು ದಿಕ್ಕಿಗೆ ಎಷ್ಟೋ ದೂರ ಕರೆದುಕೊಂಡು ಹೋಗಿ ಉಳಿಸಿಕೊಂಡರು. ಆಮೇಲೆ ಅಕ್ಕ ಸುಮ್ಮನೆ ಕೂರಲಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಜೆಯೂ ಡಾಕ್ಟರು ಇರಬೇಕು ಅಂತ ಕಟ್ಟಿದ ಬೀಡಿ ಕೊಡಲು ಬೀಡಿ ಬ್ರಾಂಚಿಗೆ ಬರುವ ಹೆಂಗಸರಿಂದ ಸಹಿ ತೆಗೆದುಕೊಂಡರು. ಅರ್ಜಿ ಬರೆಯಲು ನಮ್ಮ ಪಕ್ಷದ ನಿವೃತ್ತ ಮಾಷ್ಟ್ರ ಸಹಾಯ ಬೇಕಾಯಿತು. ಪರಿಚಯ ಆದದ್ದು ಹಾಗೆ.

ನಾಮಪತ್ರಕ್ಕೆ ಆಗ ಸಾವಿರ ರೂಪಾಯಿ ಠೇವಣಿ ಇತ್ತು. ಗ್ರಾಮ ಪಂಚಾಯತ್ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 25,000. ನಮ್ಮ ಕೈಯಲ್ಲಿ ಅದರ ಅರ್ಧವೂ ಇರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಸಣ್ಣವರಿಗೆ ಅನುಕೂಲವಾಯಿತು: ಪ್ಲಾಸ್ಟಿಕ್ ಫ್ಲೆಕ್ಸ್ ಹಾಕುವ ಹಾಗಿರಲಿಲ್ಲ. ಬಟ್ಟೆ ಬ್ಯಾನರು, ಕಾಗದದ ನೋಟಿಸು ಅಷ್ಟೇ. ನೋಟಿಸಿನ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮಲಯಾಳಂ. ಚಿಹ್ನೆ ಸಿಕ್ಕಿದ್ದು ಫುಟ್‌ಬಾಲ್. ನಾವು ಕೇಳಿದ್ದು ಬೇರೆ, ಆದರೆ ಪ್ರಚಾರ ಶುರುವಾದ ಮೇಲೆ ಇದೇ ಒಳ್ಳೆಯದಾಯಿತು ಅನಿಸಿತು. ಓದಲು ಬಾರದ ಅಜ್ಜಿಗೂ "ಚೆಂಡಿನ ಗುರುತು" ಅಂದರೆ ಸಾಕು, ತಕ್ಷಣ ಅರ್ಥವಾಗುತ್ತಿತ್ತು.

ನನಗೆ ಆ ಚುನಾವಣೆ ಅಂದರೆ ಡಿಸೆಂಬರ್ 6ರ ಭಾನುವಾರ. ಓಟು 14ಕ್ಕೆ. ಮನೆ ಮನೆಗೆ ಹೋಗುವಾಗ ಅಭ್ಯರ್ಥಿ ಸೇರಿ ಐದೇ ಜನ ಇರಬೇಕು ಅಂತ ಕೋವಿಡ್ ನಿಯಮ. ದೊಡ್ಡ ಪಕ್ಷಗಳಿಗೆ ಐದು ಅಂದರೆ ಕಡಿಮೆ. ನಮಗೆ ಐದು ಜನ ಒಟ್ಟಾಗುವುದೇ ದೊಡ್ಡ ಮಾತು. ಅಕ್ಕ, ಮಾಷ್ಟ್ರು, ನಾನು, ಅಕ್ಕನ ಜೊತೆ ಬೀಡಿ ಕಟ್ಟುವ ಇಬ್ಬರು ಹೆಂಗಸರು. ಅಂಬೇಡ್ಕರ್ ತೀರಿಹೋದ ದಿನ ಅದು. ಹಾಗಾಗಿ ಕಾಲನಿಯಿಂದಲೇ ಶುರು ಮಾಡಿದೆವು. ಅಲ್ಲಿ ಫೋಟೋಕ್ಕೆ ಹೂ ಹಾಕಿ ಆಗಿತ್ತು. ಒಬ್ಬ ಹುಡುಗ ಎಲ್ಲರ ಎದುರೇ ಕೇಳಿದ: "ಐದು ವರ್ಷಕ್ಕೊಮ್ಮೆ ಎಲ್ಲರೂ ಬರ್ತಾರೆ. ಪೈಪಿನಲ್ಲಿ ನೀರು ಬರುವುದು ಯಾವಾಗ?" ಅಕ್ಕ ಭಾಷಣ ಮಾಡಲಿಲ್ಲ. "ಟ್ಯಾಂಕಿನ ಪಂಪು ಯಾವಾಗ ಕೆಟ್ಟದ್ದು? ಗ್ರಾಮಸಭೆಯಲ್ಲಿ ಹೇಳಿದಿರಾ? ಬರೆದುಕೊಂಡರಾ?" ಅಂತ ಒಂದೊಂದೇ ಕೇಳಿದರು. ಗ್ರಾಮಸಭೆಗೆ ಕರೆದಾಗ ಕೆಲಸ ಬಿಟ್ಟು ಹೋಗಲು ಆಗುವುದಿಲ್ಲ, ಹೋದವರಿಗೆ ಸಹಿ ಹಾಕುವುದೊಂದೇ ಕೆಲಸ, ಕಾಗದವೆಲ್ಲ ಮಲಯಾಳದಲ್ಲಿ ಅಂತ ಅವರು ಹೇಳಿದರು. ನಾನು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಇಲ್ಲಿ ಒಂದು ಮಾತು. ಕೇರಳದಲ್ಲಿ ಪಂಚಾಯತ್ ಅಂದರೆ ಬರೀ ಹೆಸರಿಗಲ್ಲ. 1996ರ ಜನಕೀಯ ಯೋಜನೆಯಿಂದ ರಾಜ್ಯದ ಯೋಜನಾ ಹಣದಲ್ಲಿ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳಿಗೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಬೇಕು, ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿಯಾದರೂ ಇರಬೇಕು ಅಂತ ಕಾನೂನಿದೆ. ಕನ್ನಡದಲ್ಲಿ ಸರಕಾರದ ಜೊತೆ ವ್ಯವಹರಿಸುವ ಹಕ್ಕನ್ನು 1969ರ ಅಧಿಕೃತ ಭಾಷಾ ಕಾಯ್ದೆಯೇ ಕಾಸರಗೋಡಿನವರಿಗೆ ಕೊಟ್ಟಿದೆ. ಇಷ್ಟು ಇದ್ದೂ, ತನ್ನ ಮನೆ ಎದುರಿನ ಪಂಪಿನ ಲೆಕ್ಕ ತನ್ನ ಭಾಷೆಯಲ್ಲಿ ಓದಲು ಒಬ್ಬ ಹೆಂಗಸಿಗೆ ಆಗುವುದಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ನೋಟಿಸಿನಲ್ಲಿ ಇದ್ದ ಭರವಸೆಗಳು ಕೆಲವೇ. ಸಂಜೆ ಡಾಕ್ಟರು, ಕಾಲನಿಗೆ ನೀರು, ಗ್ರಾಮಸಭೆಯ ಕಾಗದ ಕನ್ನಡದಲ್ಲೂ, ಬೀಡಿ ಕೆಲಸದವರ ಪಿಎಫ್ ಅರ್ಜಿಗೆ ಪಂಚಾಯತ್‌ನಲ್ಲಿ ಒಂದು ಸಹಾಯದ ಮೇಜು.

ಬೀಡಿ ಮನೆಗಳಲ್ಲಿ ಅಕ್ಕನಿಗೆ ಪರಿಚಯ ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಜಗಲಿಯಲ್ಲಿ ಕೂತವರು ಎಲೆ ಕತ್ತರಿಸುವುದನ್ನು ನಿಲ್ಲಿಸದೆಯೇ ಮಾತಾಡಿದರು. ಅಕ್ಕನೂ ಪಕ್ಕದಲ್ಲಿ ಕೂತು ನಾಲ್ಕು ಬೀಡಿ ಸುತ್ತುತ್ತಾ ಉತ್ತರ ಕೊಟ್ಟರು. ಮೊದಲಿನಷ್ಟು ಎಲೆ ಕೊಡುವುದಿಲ್ಲ, ವಾರದಲ್ಲಿ ಕೆಲಸದ ದಿನ ಕಡಿಮೆಯಾಗಿದೆ, ಬೀಡಿಗೆ ನೂರಕ್ಕೆ 28 ಜಿಎಸ್‌ಟಿ ಬಿದ್ದ ಮೇಲೆ ಇನ್ನೂ ಕಷ್ಟ. ಇದನ್ನೆಲ್ಲ ಪಂಚಾಯತ್ ಸದಸ್ಯೆ ಸರಿ ಮಾಡಲು ಆಗುವುದಿಲ್ಲ ಅಂತ ಅಕ್ಕ ನೇರವಾಗಿ ಹೇಳಿದರು. "ನನ್ನಿಂದ ಆಗುವುದು ಫಾರ್ಮಿನ ಕೆಲಸ. ನೀವು ಅಲೆದಾಡುವುದನ್ನು ನಿಲ್ಲಿಸ್ತೇನೆ." ಮಾಷ್ಟ್ರಿಗೆ ಇದು ಅಷ್ಟು ಇಷ್ಟವಾಗಲಿಲ್ಲ, ದೊಡ್ಡ ವಿಷಯವನ್ನೂ ಹೇಳಬೇಕು ಅನ್ನುವುದು ಅವರ ಅಭಿಪ್ರಾಯ. ನನಗೆ ಅಕ್ಕ ಹೇಳಿದ್ದೇ ಸರಿ ಅನಿಸಿತು.

ತೋಟದ ಮನೆಯವರು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಅಡಕೆಯ ಧಾರಣೆ, ಕೊಳೆರೋಗ ಅಂತ ಮಾತಾಡಿ, ಕೊನೆಗೆ ಯಜಮಾನರು "ನಿಮ್ಮದು ಒಳ್ಳೆಯ ಕೆಲಸ, ಆದರೆ ನಮ್ಮ ಓಟು ಎಲ್ಲಿಗೆ ಅಂತ ನಿಮಗೂ ಗೊತ್ತುಂಟಲ್ಲ" ಅಂದರು. ಗೊತ್ತಿತ್ತು. ನಮಸ್ಕಾರ ಹೇಳಿ ಹೊರಟೆವು. ಪಕ್ಕದ ಬ್ಯಾರಿ ಮುಸ್ಲಿಂ ಮನೆಯ ಉಮ್ಮ ಬೇರೆ ಥರ. ಗೇಟಿನಲ್ಲೇ ನಿಲ್ಲಿಸಿ, "ನೀವು ಗೆಲ್ಲುವುದುಂಟಾ?" ಅಂತ ಕೇಳಿದರು. ಅಕ್ಕ "ನೀವೆಲ್ಲ ಹಾಕಿದರೆ ಗೆಲ್ಲಬಹುದು" ಅಂದಾಗ ಉಮ್ಮ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದು: "ನಿನಗೆ ಹಾಕಲು ಮನಸ್ಸುಂಟು ಮಗಳೇ. ಆದರೆ ನಿನಗೆ ಹಾಕಿ, ಅವರು ಬಂದುಬಿಟ್ಟರೆ?"

ಇಡೀ ಪ್ರಚಾರದಲ್ಲಿ ನಮ್ಮನ್ನು ಸೋಲಿಸಿದ್ದು ಈ ಒಂದು ಪ್ರಶ್ನೆ. ಹಣವಲ್ಲ, ಜೀಪುಗಳಲ್ಲ. ಇಷ್ಟವಾದವರಿಗೆ ಓಟು ಹಾಕುವುದಕ್ಕಿಂತ ಬೇಡವಾದವರನ್ನು ತಡೆಯಲು ಓಟು ಹಾಕುವುದು ನಮ್ಮ ಕ್ಷೇತ್ರದಲ್ಲಿ ಅಭ್ಯಾಸವಾಗಿಬಿಟ್ಟಿದೆ. ಅದಕ್ಕೆ ಕಾರಣವೂ ಇದೆ. 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದ ಫಲಿತಾಂಶ ನಿಂತದ್ದು ಬರೀ 89 ಓಟಿನ ಮೇಲೆ. ಐಕ್ಯರಂಗದ ಮುಸ್ಲಿಂ ಲೀಗಿನ ಅಬ್ದುಲ್ ರಝಾಕ್ ಗೆದ್ದರು, ಬಿಜೆಪಿಯ ಸುರೇಂದ್ರನ್ ಸೋತರು. ಆ 89 ಅನ್ನುವ ಸಂಖ್ಯೆ ಇಲ್ಲಿ ಚಿಕ್ಕ ಮಕ್ಕಳ ಬಾಯಲ್ಲೂ ಇದೆ. ಒಂದು ಮದುವೆ ಮನೆಯ ಜನ ಆ ಕಡೆ ಈ ಕಡೆ ಆದರೆ ಶಾಸಕರೇ ಬದಲು ಅಂತ ಕಂಡ ಮೇಲೆ ಜನ ಹೆದರಿ ಓಟು ಹಾಕುವುದರಲ್ಲಿ ತಪ್ಪೇನು? ಉಮ್ಮನ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ವಿಧಾನಸಭೆಯ ಲೆಕ್ಕ. ನೀರಿನ ಪಂಪಿಗೂ ಅದನ್ನೇ ಹಿಡಿದುಕೊಂಡು ಬಂದರೆ ಪಂಪು ಸರಿಯಾಗುವುದು ಯಾವಾಗ?

ಮಾಷ್ಟ್ರು ಆಗ ಗೇಟಿನ ಹೊರಗೆ ನಿಂತೇ ವಿವರಿಸಿದರು. ಮೂರು ಹಂತದ ಪಂಚಾಯತ್‌ಗೆ ಒಂದೇ ದಿನ ಮತದಾನ. ಮೆಷಿನಿನಲ್ಲಿ ಗ್ರಾಮ ಪಂಚಾಯತ್‌ಗೆ ಬಿಳಿ, ಬ್ಲಾಕಿಗೆ ಪಿಂಕ್, ಜಿಲ್ಲಾ ಪಂಚಾಯತ್‌ಗೆ ನೀಲಿ ಬಣ್ಣದ ಲೇಬಲ್. "ಉಮ್ಮ, ನಿಮಗೆ ಮೂರು ಓಟುಂಟು. ಪಿಂಕು, ನೀಲಿ ನಿಮ್ಮ ಪಕ್ಷಕ್ಕೇ ಹಾಕಿ. ಅದನ್ನು ನಾವು ಕೇಳುವುದಿಲ್ಲ. ಬಿಳಿಯದ್ದು ಮಾತ್ರ ಈ ಅಕ್ಕನಿಗೆ." ಉಮ್ಮ ಬೆರಳು ಮಡಚಿ ಎಣಿಸಿದರು. "ಮೂರರಲ್ಲಿ ಒಂದಾ?" ಅಂದರು. ಮನೆಯೊಳಗಿಂದ ಸೊಸೆ ಇಣುಕಿ ನೋಟಿಸು ಕೇಳಿ ತೆಗೆದುಕೊಂಡಳು.

ಆ ಹೊತ್ತಿನಿಂದ ನಮ್ಮ ಪ್ರಚಾರದ ಮಾತೇ ಬದಲಾಯಿತು. ಮುಂದಿನ ಮನೆಗಳಲ್ಲಿ ಪಕ್ಷದ ಚರಿತ್ರೆ ಹೇಳುವ ಮೊದಲು "ಬಿಳಿ ಲೇಬಲ್" ಹೇಳಿದೆವು. ತುಳುವಿನಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ. ಜನ ನಿಂತು ಕೇಳಿಸಿಕೊಂಡರು. ಯಾರನ್ನೂ ಬಿಟ್ಟು ಬರಬೇಕಾಗಿಲ್ಲ ಅಂತ ಗೊತ್ತಾದ ಮೇಲೆ ಅವರ ಮುಖದ ಬಿಗುವು ಸಡಿಲವಾಗುತ್ತಿತ್ತು.

ಮಧ್ಯಾಹ್ನ ದಾಟಿದ ಮೇಲೆ ಎಂಬತ್ತು ದಾಟಿದ ಒಬ್ಬ ಅಜ್ಜನ ಮನೆ. ಅವರ ಮಾತನ್ನು ನಾನು ಮರೆಯಲಾರೆ. ಮೊದಲ ಸಲ ಓಟು ಹಾಕುವ ವಯಸ್ಸು ಬಂದಾಗ ಏನಾಯಿತು ಅಂತ ಹೇಳಿದರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷವೇ ಕೇರಳದ ಮೊದಲ ವಿಧಾನಸಭಾ ಚುನಾವಣೆ. ಮಂಜೇಶ್ವರದಿಂದ ಪಕ್ಷೇತರ ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. "ಪಾರ್ಲಿಮೆಂಟಿಗೆ ಓಟು ಹಾಕಿದ್ದೇವೆ, ಅಸೆಂಬ್ಲಿಗೆ ಇಲ್ಲವೇ ಇಲ್ಲ. ರಾಯರ ಮೇಲೆ ನನಗೆ ಬೇಸರ ಇರಲಿಲ್ಲ. ಆದರೆ ಹಾಕಬೇಕು ಅಂತ ಆಸೆ ಇತ್ತು, ಆಗಲಿಲ್ಲ." ಮತ್ತೆ ಅಕ್ಕನ ಕಡೆ ತಿರುಗಿ, "ನಿಂತದ್ದು ಒಳ್ಳೆಯದಾಯಿತು ಮಗಾ. ಬೇಕಾದವರು ಇಲ್ಲದಿದ್ದರೆ ಬಟನು ಒತ್ತಿ ಎಂತ ಪ್ರಯೋಜನ?" ಅಂದರು. ಅಕ್ಕ ಅವರ ಕಾಲಿಗೆ ಬಿದ್ದರು. ಓಟು ಸಿಕ್ಕಿತೋ ಇಲ್ಲವೋ, ಅದರ ಮೇಲೆ ಕೇಳಲಿಲ್ಲ.

ಸಂಜೆ ಗೂಡಂಗಡಿಯ ಹತ್ತಿರ ಮೂರೂ ಪಕ್ಷದ ಅನೌನ್ಸ್‌ಮೆಂಟ್ ವಾಹನಗಳು ಒಂದರ ಹಿಂದೆ ಒಂದು ಬಂದವು. ಅವು ಹೋಗುವವರೆಗೆ ಕಾದು ಮಾಷ್ಟ್ರು ಬೆಂಚಿನ ಮೇಲೆ ನಿಂತು ಹತ್ತು ನಿಮಿಷ ಮಾತಾಡಿದರು. ಮೈಕ್ ಇರಲಿಲ್ಲ. ಸಮಾಜವಾದಿ ನಾಯಕ ಲೋಹಿಯಾ ಹೇಳಿದ ಚೌಖಂಬಾ ರಾಜ್ಯದ ವಿಷಯ: ಹಳ್ಳಿ, ಜಿಲ್ಲೆ, ರಾಜ್ಯ, ಕೇಂದ್ರ ಅಂತ ನಾಲ್ಕು ಕಂಬ, ಹಳ್ಳಿಯ ಕಂಬಕ್ಕೂ ತನ್ನದೇ ಅಧಿಕಾರ ಮತ್ತು ಹಣ. ಆಮೇಲೆ 1954. ಕೇರಳ ಆಗುವ ಮೊದಲಿನ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ ಪಟ್ಟಂ ತಾಣು ಪಿಳ್ಳೆಯವರ ಪ್ರಜಾ ಸೋಷಲಿಸ್ಟ್ ಸರಕಾರ. ಪೊಲೀಸರು ಗೋಲಿಬಾರು ಮಾಡಿ ಜನ ಸತ್ತಾಗ, ತಮ್ಮದೇ ಪಕ್ಷದ ಆ ಸರಕಾರ ರಾಜೀನಾಮೆ ಕೊಡಬೇಕು ಅಂತ ಲೋಹಿಯಾ ಕೇಳಿದರು. ಪಕ್ಷ ಒಪ್ಪಲಿಲ್ಲ. ಮುಂದೆ ಅವರು ಹೊರಗೆ ಬಂದು ಬೇರೆ ಪಕ್ಷ ಕಟ್ಟಿದರು. "ನಮ್ಮದು ಯಾಕೆ ಸಣ್ಣ ಪಕ್ಷ ಅಂತ ಕೇಳ್ತೀರಲ್ಲ? ನಮ್ಮವರೇ ತಪ್ಪು ಮಾಡಿದಾಗ ಸುಮ್ನೆ ಇರಲಿಲ್ಲ, ಅದೂ ಒಂದು ಕಾರಣ" ಅಂದರು ಮಾಷ್ಟ್ರು.

ಚಾ ಕುಡಿಯುತ್ತಿದ್ದ ದೊಡ್ಡ ಪಕ್ಷವೊಂದರ ಹುಡುಗರು ಚಪ್ಪಾಳೆ ತಟ್ಟಿದರು. ಗೇಲಿ ಇರಬಹುದು ಅಂತ ನಾನು ತಿರುಗಿ ನೋಡಿದೆ, ಅಲ್ಲ. ಒಬ್ಬ ಹತ್ತಿರ ಬಂದು, "ಮಾಷ್ಟ್ರೇ, ನಮ್ಮಲ್ಲಿ ಹೀಗೆಲ್ಲ ಯಾರೂ ಹೇಳಿಕೊಡುವುದಿಲ್ಲ" ಅಂದ. ಚಾದ ದುಡ್ಡನ್ನೂ ಅವನೇ ಕೊಟ್ಟ. ಈ ಸೌಜನ್ಯ ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ. ಅದು ಉಳಿಯಬೇಕು.

ಡಿಸೆಂಬರ್ 16ಕ್ಕೆ ಎಣಿಕೆ. ನಾವು ನಾಲ್ಕನೆಯವರು. ಠೇವಣಿ ಉಳಿಯಲಿಲ್ಲ. ಆದರೆ ನಮ್ಮ ಪಕ್ಷದ ಮನೆಗಳೇ ಇಲ್ಲದ ವಾರ್ಡಿನಲ್ಲಿ ನೂರರ ಹತ್ತಿರ ಓಟು ಬಿತ್ತು. ಅವು ಯಾರದ್ದು ಅಂತ ನಮಗೆ ಗೊತ್ತಿಲ್ಲ. ಅಷ್ಟು ಜನ ಬಿಳಿ ಲೇಬಲ್ ಹುಡುಕಿ, ಚೆಂಡಿನ ಎದುರಿನ ಬಟನು ಒತ್ತಿದ್ದಾರೆ. ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ, ಯಾರ ಜಾತಿ ಧರ್ಮದ ಹೆಸರು ಹೇಳಿ ಕೇಳಿಲ್ಲ. ಇದರ ಬೆಲೆ ನನಗೆ ಗೊತ್ತಿದೆ.

ಅಕ್ಕ ಎರಡು ದಿನ ಬೇಜಾರಿನಲ್ಲಿದ್ದರು. ಆಮೇಲೆ ನನ್ನ ಪುಸ್ತಕ ತರಿಸಿಕೊಂಡು, ಕಾಲನಿಯಲ್ಲಿ ಬರೆದುಕೊಂಡದ್ದನ್ನೆಲ್ಲ ಒಂದು ಅರ್ಜಿ ಮಾಡಲು ಹೇಳಿದರು. ಹೊಸ ಸದಸ್ಯೆಯ ಮೊದಲ ಗ್ರಾಮಸಭೆಗೆ ಬೀಡಿ ಬ್ರಾಂಚಿನ ಹೆಂಗಸರನ್ನು ಒಟ್ಟು ಮಾಡಿ ಹೋದರು. ಗೆದ್ದವರು ಕೂಡ ಒಳ್ಳೆಯ ಹೆಂಗಸು, ಅಕ್ಕನನ್ನು ಕರೆದು ಎದುರು ಸಾಲಿನಲ್ಲಿ ಕೂರಿಸಿದರು. ಪಂಪಿನ ವಿಷಯ ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಅದರ ಪ್ರತಿ ಕನ್ನಡದಲ್ಲಿ ಬೇಕು ಅಂತ ಅಕ್ಕ ಅಲ್ಲೇ ಅರ್ಜಿ ಕೊಟ್ಟರು. ಪಂಪು ಮಳೆಗಾಲದ ಮೊದಲು ಸರಿಯಾಯಿತು. ಸಂಜೆಯ ಡಾಕ್ಟರಿಗಾಗಿ ಸಹಿ ತೆಗೆದುಕೊಳ್ಳುವುದು ಮುಂದುವರಿಯಿತು. ಆ ಸಲದ ಹಾಳೆಯಲ್ಲಿ ಉಮ್ಮನ ಸೊಸೆಯ ಸಹಿಯೂ ಇತ್ತು.